ಸೋದರಮಾವನ ಹಕ್ಕು

ಮಂಡ್ಯ ಸೀಮೆಯ ಹಲವು ಸಮುದಾಯಗಳ ಮದುವೆಯಲ್ಲಿ ಹೆಣ್ಣನ್ನು ಹಸೆಗೆ ಕರೆತರುವವನು ಇಂದಿಗೂ ಸೋದರಮಾವ. ಒಂದು ಕಾಲಕ್ಕೆ ಆ ಹಸೆಯ ಮೇಲೆ ವರನಾಗಿ ಕೂರುವ ಹಕ್ಕೂ ಅವನಿಗಿತ್ತು. ಅವನು ಒಲ್ಲೆನೆಂದರೆ ಸೋದರತ್ತೆಯ ಮಗ. ಆಮೇಲಷ್ಟೇ ಹೊರಗಿನ ಸಂಬಂಧ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ–ಸೋದರಸೊಸೆ ಮದುವೆಯನ್ನು ನಿಷಿದ್ಧ ಪಟ್ಟಿಗೆ ಸೇರಿಸಿದರೂ ರೂಢಿ ಇರುವಲ್ಲಿ ವಿನಾಯಿತಿ ಕೊಟ್ಟಿತು.

ಈ ರೂಢಿ ಬೇರುಬಿಟ್ಟಿದ್ದೇ ಜಮೀನಿನಲ್ಲಿ. ನಾಗಮಂಗಲದ ಮಳೆಯಾಶ್ರಿತ ರಾಗಿ ಹೊಲವಿರಲಿ, ಕೆ.ಆರ್. ಪೇಟೆಯ ತೆಂಗಿನ ತೋಟವಿರಲಿ, ನಾಲೆ ನೀರಿನ ಶ್ರೀರಂಗಪಟ್ಟಣ, ಪಾಂಡವಪುರದ ಕಬ್ಬಿನ ಗದ್ದೆಯಿರಲಿ, ಆಸ್ತಿ ಚದುರಬಾರದು, ಮಗಳು ಕಣ್ಣೆದುರಿಗಿರಬೇಕು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ನಡೆದ ಸಮೀಕ್ಷೆಯಲ್ಲೂ ಸುಮಾರು ಮೂರನೇ ಒಂದು ಭಾಗದ ದಂಪತಿಗಳು ರಕ್ತಸಂಬಂಧಿಗಳೇ ಆಗಿದ್ದರು.

ಆದರೆ ರಕ್ತಸಂಬಂಧದ ಮದುವೆಯಲ್ಲಿ ಒಂದು ಅಪಾಯವಿದೆ. ಪ್ರತಿಯೊಬ್ಬರಲ್ಲೂ ಒಂದೆರಡು ಕೆಟ್ಟ ವಂಶವಾಹಿ ಅಡಗಿರುತ್ತವೆ. ಜೋಡಿಯಲ್ಲಿ ಇನ್ನೊಂದು ಸರಿಯಿದ್ದರೆ ಬಾಧೆಯಿಲ್ಲ. ಸೋದರಮಾವನನ್ನು ವರಿಸಿದವಳ ಕೂಸಿಗೆ ಜೋಡಿಯ ಎರಡೂ ಪ್ರತಿ ಒಬ್ಬನೇ ಹಿರಿಯನಿಂದ ಬರುವ ಸಾಧ್ಯತೆ 8ಕ್ಕೆ 1. ಅತ್ತೆಮಗ–ಮಾವನ ಮಗಳ ಮದುವೆಯಲ್ಲಿ 16ಕ್ಕೆ 1.

ಹಾಗೆ ಬಂದದ್ದು ಕೆಟ್ಟದ್ದೇ ಆಗಿದ್ದರೆ?

1972ರಲ್ಲಿ ಅಮೆರಿಕದ ವೈದ್ಯೆ ಎಲೋಯಿಸ್ ಗಿಬ್ಲೆಟ್, ಮೇಲಿಂದ ಮೇಲೆ ಸೋಂಕಿಗೀಡಾಗುತ್ತಿದ್ದ ಇಬ್ಬರು ಹೆಣ್ಣುಮಕ್ಕಳ ರಕ್ತದಲ್ಲಿ ಎಡಿಎ ಎಂಬ ಕಿಣ್ವವೇ ಇಲ್ಲದ್ದನ್ನು ಕಂಡರು. ಜೀವಕೋಶದಲ್ಲಿ ಡಿಎನ್‌ಎ ಒಡೆದಾಗ ಉಳಿಯುವ ಕಶ್ಮಲವನ್ನು ನಿವಾರಿಸುವುದು ಅದರ ಕೆಲಸ. ಅದಿಲ್ಲದಿದ್ದರೆ ಕಶ್ಮಲ ವಿಷವಾಗುತ್ತದೆ. ರೋಗ ತಡೆಯಬೇಕಾದ ಲಿಂಫೊಸೈಟ್‌ಗಳು ಬಲಿಯುವ ಮೊದಲೇ ಸಾಯುತ್ತವೆ. ಹುಟ್ಟುವಾಗ ಕೂಸು ದುಂಡುದುಂಡಗೇ ಇರುತ್ತದೆ. ಕೆಲವೇ ತಿಂಗಳಲ್ಲಿ ಬಾಯೊಳಗೆ ಬಿಳಿ ಪೊರೆ, ನಿಲ್ಲದ ಭೇದಿ, ಬಿಟ್ಟುಬಿಟ್ಟು ನ್ಯುಮೋನಿಯಾ. ಇಂಥ ಸಾವುಗಳಿಗೆ ಹಳಬರು ದೃಷ್ಟಿ, ಬಾಲಗ್ರಹ ಎಂದೇ ಹೆಸರಿಟ್ಟಿರಬೇಕು. ಹೆತ್ತವಳ ಕಾಲ್ಗುಣವನ್ನು ದೂರಿದ್ದಂತೂ ಘೋರ ಅನ್ಯಾಯ. ಎಡಿಎ ದೋಷದಲ್ಲಿ ತಂದೆ, ತಾಯಿ ಇಬ್ಬರ ಪಾಲೂ ಸಮ. ಎಲ್ಲ ರೋಗನಿರೋಧಕ ದೋಷಗಳೂ ಸೋದರಿಕೆಯಿಂದಲೇ ಬರುತ್ತವೆ ಎನ್ನುವುದೂ ಸರಿಯಲ್ಲ: ಗಂಡುಮಕ್ಕಳನ್ನೇ ಕಾಡುವ ಒಂದು ಬಗೆ ತಾಯಿಯ ಎಕ್ಸ್ ವರ್ಣತಂತುವಿನಿಂದ ಬರುತ್ತದೆ, ಅದಕ್ಕೆ ಸಂಬಂಧದ ಮದುವೆ ಬೇಕಿಲ್ಲ.

ಇಂದು ಅಸ್ಥಿಮಜ್ಜೆ ಕಸಿಯಿಂದ ಇಂಥ ಮಕ್ಕಳು ಬದುಕಬಲ್ಲರು. 2021ರ ರಾಷ್ಟ್ರೀಯ ಅಪರೂಪ ಕಾಯಿಲೆಗಳ ನೀತಿಯಲ್ಲಿ ಇಂಥ ರೋಗನಿರೋಧಕ ದೋಷಕ್ಕೂ ಜಾಗವಿದೆ. ಆದರೆ ಹುಟ್ಟಿದೊಡನೆ ಹಾಕುವ ಬಿಸಿಜಿ ಲಸಿಕೆಯಲ್ಲಿರುವುದು ಜೀವಂತ ರೋಗಾಣು. ಬೇರೆ ಮಕ್ಕಳನ್ನು ಕಾಯುವ ಅದೇ ಲಸಿಕೆ ಈ ಕೂಸಿನ ಮೈತುಂಬ ಹರಡಬಲ್ಲದು. ಮನೆತನದಲ್ಲಿ ಹಿಂದೆ ಎಳೆಗೂಸೊಂದು ಸೋಂಕಿನಿಂದ ತೀರಿಕೊಂಡಿದ್ದರೆ, ಮುಂದಿನ ಹೆರಿಗೆಗೆ ಮೊದಲೇ ವೈದ್ಯರಿಗೆ ಅದನ್ನು ಮುಚ್ಚಿಡದೆ ಹೇಳಿ.