ಕಲ್ಲಿಕೋಟೆ ಕೋಳಿಯ ಎಲುಬಿನ ಸಾರು

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕದವರಿಗೆ ಥ್ಯಾಂಕ್ಸ್‌ಗಿವಿಂಗ್. ನಮ್ಮ ಹೊಸ್ತಿನ ಹಾಗೆ ಅದೂ ಬೆಳೆ ಮನೆಗೆ ಬಂದ ಖುಷಿಯಲ್ಲಿ ಹುಟ್ಟಿದ ಹಬ್ಬ. ಊಟಕ್ಕೆ ಟರ್ಕಿ ಕೋಳಿ ಆಗಲೇಬೇಕು. ಕಂಪನಿ ಕೆಲಸದ ಮೇಲೆ ನಾನು ನ್ಯೂಜೆರ್ಸಿಯಲ್ಲಿದ್ದ ವರ್ಷ ನಮ್ಮ ಟೀಮಿನ ಹಿರಿಯರೊಬ್ಬರು ಮನೆಗೆ ಕರೆದಿದ್ದರು. ಆರು ಜನಕ್ಕೆ ಏಳು ಕಿಲೋ ತೂಗುವ ಹಕ್ಕಿ! ತಿಂದು ಮುಗಿಯುವುದುಂಟಾ? ಉಳಿದದ್ದನ್ನು ಎಲುಬಿನ ಗೂಡಿನ ಸಮೇತ ಟ್ರೇಯಲ್ಲಿ ಹಾಕಿ, ನಾಳೆ ಸೂಪ್ ಮಾಡಿಕೋ ಅಂತ ನನ್ನ ಕೈಗೆ ಕೊಟ್ಟರು.

ಬಾರ್ಕೂರಿಗೆ ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ತೋರಿಸಿದೆ.

"ಅದೆಂತ ಮಗಾ, ನವಿಲಾ?"

ಅಲ್ಲ, ಕೋಳಿ ಜಾತಿಯೇ ಅಂದೆ.

"ಹಾಂಗಾರೆ ಎಲುಬ್ ಬಿಸಾಡ್ಬೇಡ. ಸಾರ್ ಮಾಡ್."

ನಮ್ಮ ಕಡೆ ಉಳಿದದ್ದು ಅಂದರೆ ಕೀಳು ಅಂತ ಅರ್ಥವಲ್ಲ. ನಿನ್ನೆಯ ಮೀನು ಸಾರನ್ನು ಮಣ್ಣಿನ ಪಾತ್ರೆಯಲ್ಲೇ ಮತ್ತೆ ಕಾಯಿಸಿ, ತಳ ಹಿಡಿಯುವಷ್ಟು ಬತ್ತಿಸಿ, ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಗೆ ನಂಜಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಪಾತ್ರೆಯ ತಳ ಯಾರಿಗೆ ಅಂತ ನಾನು, ಅಕ್ಕ ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ.

ಮರುದಿನ ಮಾಂಸವನ್ನೆಲ್ಲ ಬಿಡಿಸಿ ಬೇರೆ ಇಟ್ಟೆ. ಎಲುಬನ್ನು ಮುರಿದು ದೊಡ್ಡ ಪಾತ್ರೆಗೆ ಹಾಕಿ, ಮುಳುಗುವಷ್ಟು ನೀರು, ಎರಡು ಈರುಳ್ಳಿ, ಶುಂಠಿ, ಅರಿಶಿನ. ಸಣ್ಣ ಉರಿಯಲ್ಲಿ ಮೂರು ಗಂಟೆ. ಜೋರು ಕುದಿಸಿದರೆ ಜಿಡ್ಡೆಲ್ಲ ನೀರಿನಲ್ಲಿ ಕಲೆತು ರಸ ಬಗ್ಗಡವಾಗುತ್ತದೆ. ಸೋಸಿದ ರಸದಲ್ಲಿ ಅರ್ಧ ಫ್ರೀಜರಿಗೆ ಹೋಯಿತು. ಉಳಿದರ್ಧಕ್ಕೆ ಅಮ್ಮ ಹೇಳಿದ ಹಾಗೆ ಮಸಾಲೆ: ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಚಿಟಿಕೆ ಮೆಂತೆ, ಕಾಳುಮೆಣಸು ಹುರಿದು, ಬೆಳ್ಳುಳ್ಳಿ ಸೇರಿಸಿ ರುಬ್ಬಿದ್ದು. ಮೇಲಿಂದ ತೆಂಗಿನ ಹಾಲು. ಮಾಂಸ ಹಾಕಿದ್ದು ಕೊನೆಗೆ, ಯಾಕಂದ್ರೆ ಒಮ್ಮೆ ಬೆಂದ ಟರ್ಕಿಯನ್ನು ಮತ್ತೆ ಬೇಯಿಸಿದರೆ ತೆಂಗಿನ ನಾರು ತಿಂದ ಹಾಗಾಗುತ್ತದೆ. ಉಪ್ಪೂ ಕೊನೆಗೇ, ಹಬ್ಬದ ಅಡುಗೆಯಲ್ಲಿ ಅದು ಮೊದಲೇ ಬಿದ್ದಿರುತ್ತದೆ.

ಸೋಮವಾರ ಒಂದು ಡಬ್ಬಿ ಆಫೀಸಿಗೆ ಒಯ್ದೆ. ಅಲ್ಲಿಯೇ ಎಡವಿದ್ದು. "ಇದು ನಮ್ಮೂರಿನ ಸಾವಿರ ವರ್ಷದ ಹಳೇ ರುಚಿ" ಅಂತ ಭಾಷಣ ಬಿಟ್ಟೆ. ಹಿರಿಯರು ಕಣ್ಣೀರು ಒರೆಸಿಕೊಳ್ಳುತ್ತಾ (ಖಾರಕ್ಕೆ) ಕೇಳಿದರು: "ಮೆಣಸಿನಕಾಯಿ ಮೆಕ್ಸಿಕೋ ಕಡೆಯದ್ದಲ್ಲವಾ? ಟರ್ಕಿಯೂ ಅಲ್ಲಿಯದೇ. ನಿಮ್ಮದು ಇದರಲ್ಲಿ ಯಾವುದು?"

ಕೋಡಿನಲ್ಲಿ ಯಾವ ಸಾಲನ್ನು ಯಾರು ಯಾವಾಗ ಬರೆದರು ಅಂತ ತೋರಿಸುವ ಒಂದು ಕಮಾಂಡ್ ಇದೆ. ಅದನ್ನು ಹಾಕುವಾಗ ಎಲ್ಲರಿಗೂ ಒಂದು ಹೆದರಿಕೆ, ತಪ್ಪು ನಮ್ಮದೇ ಹೆಸರಿನಲ್ಲಿ ಇದ್ದರೆ! ಆ ರಾತ್ರಿ ಅಮ್ಮನ ಸಾರಿಗೆ ಆ ಕಮಾಂಡ್ ಹಾಕಿದೆ.

ಅವರು ಹೇಳಿದ್ದು ಸರಿ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ, ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಇಂಡಿಯಾಕ್ಕೆ ಬಂದದ್ದು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ 1498ಕ್ಕೆ ಮೊದಲು ಈ ಕರಾವಳಿಯ ಯಾವ ಸಾರಿಗೂ ಕೆಂಪು ಬಣ್ಣ ಬ್ಯಾಡಗಿಯಿಂದ ಬಂದಿರಲಿಕ್ಕಿಲ್ಲ. ಸಾಕ್ಷಿ ನಮ್ಮ ಬಾಯಲ್ಲೇ ಇದೆ ನೋಡಿ. ಮೆಣಸು ಅಂದರೆ ಮೊದಲು ಬಳ್ಳಿಯಲ್ಲಿ ಬಿಡುವ ಕರಿ ಕಾಳು. ಈಗ ನಮ್ಮೂರಲ್ಲಿ ಮೆಣಸು ಅಂದರೆ ಕೆಂಪು ಮೆಣಸು. ಮೊದಲಿನವನು ತನ್ನ ಹೆಸರು ಬಿಟ್ಟುಕೊಟ್ಟು ಕಾಳುಮೆಣಸಾದ, ಒಳ್ಳೆಮೆಣಸಾದ. ತುಳುವಿನಲ್ಲೂ ಹೀಗೇ, ಮುಂಚಿ ಅಂದರೆ ಕೆಂಪಿನದು, ಎಡ್ಡೆ ಮುಂಚಿ ಅಂದರೆ ಕರಿದು. ಬಾಡಿಗೆಗೆ ಬಂದವನು ಮನೆ ಹೆಸರನ್ನೇ ತನ್ನದು ಮಾಡಿಕೊಂಡ. ಆದರೆ 'ಒಳ್ಳೆಯದು' ಅನ್ನುವ ಬಿರುದನ್ನು ನಮ್ಮ ಜನ ಹಳಬನಿಗೇ ಉಳಿಸಿದರು.

ಹಾಗಾದರೆ ಅದಕ್ಕೂ ಮೊದಲಿನ ಕೋಳಿ ಊಟ ಹೇಗಿತ್ತು? ಇಬ್ನ್ ಬತೂತ ಅಂತ ಮೊರಾಕ್ಕೋದ ಪ್ರವಾಸಿ 1342ರ ಸುಮಾರಿಗೆ ಈ ಕರಾವಳಿಯಲ್ಲಿ ಇಳಿದುಬಂದ. ಹೊನ್ನಾವರದ ಸುಲ್ತಾನನ ಮನೆಯ ಊಟವನ್ನು ಆತ ವಿವರವಾಗಿ ಬರೆದಿದ್ದಾನೆ. ಅನ್ನ, ತುಪ್ಪ, ಉಪ್ಪಿಗೆ ಹಾಕಿದ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವು. ಆಮೇಲೆ ಕೋಳಿ. ಮತ್ತೆ ಅನ್ನ, ಇನ್ನೊಂದು ಬಗೆಯ ಕೋಳಿ, ಮೀನು, ಕೊನೆಗೆ ಮೊಸರು. ಆ ಗೊಂಚಲು ಕರಿ ಮೆಣಸಿನದು. ಅಲ್ಲಿಂದ ದಕ್ಷಿಣಕ್ಕೆ ಬಂದ ಆತ ಫಾಕನೂರು ಅಂತ ಬರೆದದ್ದು ನಮ್ಮ ಬಾರ್ಕೂರನ್ನೇ. ಕಬ್ಬು ಹೇರಳ ಅಂತ ಹೊಗಳಿದ್ದಾನೆ, ಸಾರಿನ ಸುದ್ದಿ ಎತ್ತಿಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತು. ಪೋರ್ಚುಗೀಸರ ಬಾಯಲ್ಲಿ ಅದೇ ಊರು ಬಾಕನೂರ್. ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ರಾಜಧಾನಿ, ಸ್ವಂತ ಟಂಕಸಾಲೆಯ ಊರು, ಸುತ್ತಲಿನ ಗದ್ದೆಯ ಅಕ್ಕಿ ಸಮುದ್ರ ದಾಟುತ್ತಿದ್ದ ಬಂದರು. ಅಕ್ಕಿ ಹೋದ ನೀರಲ್ಲೇ ಮೆಣಸಿನಕಾಯಿ ಬಂತು.

ಇನ್ನು ಹಕ್ಕಿಯ ಕಥೆ. ಮೆಕ್ಸಿಕೋದವರು ಸಾಕಿದ ಈ ಕೋಳಿ ಸ್ಪೇನಿನವರ ಮೂಲಕ ಯುರೋಪಿಗೆ ಹೋಯಿತು. ಎಲ್ಲಿಯದು ಅಂತ ಅಲ್ಲಿ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಇಂಗ್ಲಿಷರು ಟರ್ಕಿ ಅಂದರು. ಫ್ರೆಂಚರು ದಾಂದ್, ಅಂದ್ರೆ ಇಂಡಿಯಾದ್ದು ಅಂದರು. ಟರ್ಕಿಯವರೇ ಅದನ್ನು 'ಹಿಂದಿ' ಅನ್ನುತ್ತಾರೆ! ಡಚ್ಚರ ಕಾಲ್ಕೂನ್ ಅಂದರೆ ಕಲ್ಲಿಕೋಟೆ ಕೋಳಿ. ಕಲ್ಲಿಕೋಟೆ ಬಾರ್ಕೂರಿನಿಂದ ಇದೇ ಕರಾವಳಿಯಲ್ಲಿ ಕೆಳಗೆ ಹೋದರೆ ಸಿಗುವ ಊರು. ನಮ್ಮ ಕರಾವಳಿಯ ಹೆಸರು ಹೊತ್ತ ಹಕ್ಕಿ ನಿಜವಾಗಿ ಇಂಡಿಯಾಕ್ಕೆ ಬಂದದ್ದು ಆಮೇಲೆ. 1612ರಲ್ಲಿ ಮುಕರ್ರಬ್ ಖಾನ್ ಗೋವಾದಿಂದ ತಂದ ಅಪರೂಪದ ಪ್ರಾಣಿಗಳಲ್ಲಿ ಇದೂ ಒಂದು. ಬಾದಶಹ ಜಹಾಂಗೀರ ತನ್ನ ನೆನಪಿನ ಪುಸ್ತಕದಲ್ಲಿ ಇದನ್ನು ಅಳೆದದ್ದು ನವಿಲಿನ ಅಳತೆಯಲ್ಲಿ, ಹೆಣ್ಣು ನವಿಲಿಗಿಂತ ದೊಡ್ಡದು, ಗಂಡಿಗಿಂತ ಚಿಕ್ಕದು ಅಂತ. ಮನ್ಸೂರ್ ಎಂಬ ಚಿತ್ರಕಾರ ಬರೆದ ಅದರ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಬಾದಶಹನಿಗೂ ನಮ್ಮಮ್ಮನಿಗೂ ಮೊದಲು ನೆನಪಾದದ್ದು ನವಿಲೇ.

ಮುಂದಿನ ಶನಿವಾರ ಫ್ರೀಜರಿನ ರಸ ತೆಗೆದೆ. ಬ್ಯಾಡಗಿ ಮುಟ್ಟಲಿಲ್ಲ. ಕಾಳುಮೆಣಸು, ಶುಂಠಿ, ಜೀರಿಗೆ, ಬೆಳ್ಳುಳ್ಳಿ, ತೆಂಗಿನ ಹಾಲು, ಇಳಿಸಿದ ಮೇಲೆ ನಿಂಬೆ. ಬಣ್ಣ ಮಾಸಲು ಹಳದಿ. ಖಾರ ನಾಲಿಗೆಗಲ್ಲ, ನಿಧಾನಕ್ಕೆ ಗಂಟಲಿಗೆ ಹತ್ತುತ್ತಿತ್ತು. ಕುಡಿದೆ, ಎಲ್ಲಿಯೋ ಕುಡಿದ ನೆನಪು, ಎಲ್ಲಿ ಅಂತ ಹೊಳೆಯಲಿಲ್ಲ. ಏಳುನೂರು ವರ್ಷದ ಹಿಂದಿನ ಸಾರು ಹೀಗಿದ್ದಿರಬಹುದು ಅಂತ ಬಟ್ಟಲನ್ನು ಹೆಮ್ಮೆಯಿಂದ ಅಮ್ಮನಿಗೆ ತೋರಿಸಿದೆ. ಅವಳು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇದ್ ಜ್ವರ ಬಂದವ್ರಿಗೆ ಮಾಡು ಸಾರಲ್ದಾ? ಎಂತಾಯ್ತ್ ಮಗಾ, ಹುಷಾರಿಲ್ಯಾ?"