ಅಪ್‌ಡೇಟಿನಿಂದ ಹೆಸರು ಬಂದೀತೇ? ರಾಮನಗರ ಸೀಮೆಯ ಕಂಪ್ಯೂಟರುಗಳು ಮತ್ತು ಸಾಫ್ಟ್‌ವೇರ್ ಕಂಪನಿಯ ಭದ್ರತಾ ಖ್ಯಾತಿ

ಆಪರೇಟಿಂಗ್ ಸಿಸ್ಟಮ್ಮಿನ ಒಂದು ಅಪ್‌ಡೇಟ್ ಅದನ್ನು ತಯಾರಿಸಿದ ಕಂಪನಿಯ ಭದ್ರತಾ ಖ್ಯಾತಿಯನ್ನು ಹೆಚ್ಚಿಸಬಲ್ಲುದೇ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಹೆಚ್ಚಾಗಿ ನೋಡುವುದು ಷೇರು ಮಾರುಕಟ್ಟೆಯನ್ನು, ಭದ್ರತಾ ತಜ್ಞರ ಬಳಗವನ್ನು, ದೊಡ್ಡ ಸಂಸ್ಥೆಗಳ ಐಟಿ ವಿಭಾಗಗಳನ್ನು. ಪಹಣಿ ತೆಗೆಸಲು ಬಂದ ರೈತ, ಅರ್ಜಿ ಟೈಪ್ ಮಾಡಿಕೊಡುವ ಡಿಟಿಪಿ ಅಂಗಡಿಯವರು, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೊಬೈಲ್ ಹಿಡಿದು ನಿಂತ, ನೂಲು ತೆಗೆಯುವ ರೀಲರ್ ಇವರ ಕಣ್ಣಲ್ಲಿ ಆ ಕಂಪನಿಯ ಹೆಸರು ಏನಾಯಿತು ಎಂದು ಕೇಳುವುದು ಅಪರೂಪ. ಈ ಲೇಖನ ಅವರ ಕಡೆಯಿಂದ ಕೇಳುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಒಂದು ಜಿಲ್ಲೆಯಾದವು. 2025ರ ಮೇ ತಿಂಗಳಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಸಾಫ್ಟ್‌ವೇರ್ ತಯಾರಾಗುವ ನಗರಕ್ಕೆ ಇಷ್ಟು ಹತ್ತಿರವಿದ್ದೂ, ಆ ಸಾಫ್ಟ್‌ವೇರನ್ನು ಬಹುಪಾಲು ಎರಡನೇ ಕೈಯಲ್ಲಿ, ಹಳೆಯ ಯಂತ್ರಗಳಲ್ಲಿ, ಇನ್ನೊಬ್ಬರ ಮೂಲಕ ಬಳಸುವ ಸೀಮೆ ಇದು. ಅಪ್‌ಡೇಟ್ ದೋಷವನ್ನು ತಿದ್ದಬಲ್ಲುದು. ಹೆಸರನ್ನು ತಿದ್ದಬೇಕಾದರೆ ಅದು ಕೊನೆಯ ಯಂತ್ರದವರೆಗೂ ಹೋಗಬೇಕು, ಬಳಸುವವರಿಂದ ಏನನ್ನೂ ಬೇಡದೆ ಕೆಲಸ ಮಾಡಬೇಕು, ಮತ್ತು ಬಳಸುವವರಿಗೆ ಬೇರೆಯದನ್ನು ಆರಿಸಿಕೊಳ್ಳುವ ದಾರಿಯೂ ಇರಬೇಕು ಎಂಬುದು ನನ್ನ ವಾದ. ಈ ಮೂರೂ ಒಟ್ಟಿಗೆ ಕೂಡಿಬರುವುದು ಇಲ್ಲಿ ವಿರಳ.

ಮೊದಲು ಅಪ್‌ಡೇಟಿನಿಂದ ಹೆಸರು ನಿಜವಾಗಿಯೂ ಬದಲಾದ ಪ್ರಸಂಗವನ್ನು ನೋಡೋಣ. 2003ರ ಜನವರಿಯಲ್ಲಿ ಸ್ಲ್ಯಾಮರ್, ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಕಂಪ್ಯೂಟರ್ ಹುಳುಗಳು ವಿಂಡೋಸ್ ಯಂತ್ರಗಳ ಮೂಲಕ ಜಗತ್ತನ್ನೇ ಸುತ್ತಿದವು. ಸ್ಲ್ಯಾಮರ್ ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಆರು ತಿಂಗಳ ಮೊದಲೇ, 2002ರ ಜುಲೈನಲ್ಲಿ, ಪ್ಯಾಚ್ ಕೊಟ್ಟಿತ್ತು. ಭದ್ರತೆಯೇ ಮೊದಲು ಎಂದು ಬಿಲ್ ಗೇಟ್ಸ್ ತಮ್ಮ ನೌಕರರಿಗೆ ಪತ್ರ ಬರೆದೂ ವರ್ಷವಾಗಿತ್ತು. ಪ್ಯಾಚ್ ಇತ್ತು, ಪತ್ರವೂ ಇತ್ತು. ಹೆಸರು ಮಾತ್ರ ಕೆಟ್ಟೇ ಇತ್ತು. 2004ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 ಈ ಸ್ಥಿತಿಯನ್ನು ಬದಲಿಸಿತು. ಅದರಲ್ಲಿ ಹೊಸ ಚಮತ್ಕಾರವೇನೂ ಇರಲಿಲ್ಲ. ಎಕ್ಸ್‌ಪಿಯಲ್ಲಿ ಮೊದಲೇ ಇದ್ದ, ಆದರೆ ಆಫ್ ಆಗಿ ಬರುತ್ತಿದ್ದ ಫೈರ್‌ವಾಲ್ ಈಗ ತಾನೇ ಆನ್ ಆಗಿ ಬಂತು. ಬಳಕೆದಾರ ಒಂದು ಗುಂಡಿಯನ್ನೂ ಒತ್ತಬೇಕಿರಲಿಲ್ಲ. ತಜ್ಞರ ನಡುವೆ ಆ ಕಂಪನಿಯ ಬಗ್ಗೆ ಮಾತಿನ ಧಾಟಿ ಬದಲಾದದ್ದು ಅಲ್ಲಿಂದ ಎಂದು ನಾನು ಭಾವಿಸುತ್ತೇನೆ.

ಷೇರುಪೇಟೆಯೂ ಇಂಥ ವ್ಯತ್ಯಾಸವನ್ನು ಗುರುತಿಸುತ್ತದೆ. ರಾಹುಲ್ ತೆಲಂಗ್ ಮತ್ತು ಸುನಿಲ್ ವಟ್ಟಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಫ್ಟ್‌ವೇರಿನ ಭದ್ರತಾ ದೋಷ ಬಹಿರಂಗವಾದ ದಿನ ಅದನ್ನು ತಯಾರಿಸಿದ ಕಂಪನಿಯ ಷೇರು ಮೌಲ್ಯ ಸರಾಸರಿ ಶೇ. 0.6ರಷ್ಟು ಕುಸಿಯುತ್ತದೆ, ಜೊತೆಯಲ್ಲೇ ಪ್ಯಾಚ್ ಇಲ್ಲದಿದ್ದರೆ ಕುಸಿತ ಇನ್ನೂ ಹೆಚ್ಚು. ಅಂದರೆ ಹೂಡಿಕೆದಾರರ ಮಟ್ಟಿಗೆ ಪ್ಯಾಚಿಗೆ ಬೆಲೆಯಿದೆ, ಆದರೆ ಅದು ನಷ್ಟವನ್ನು ತಗ್ಗಿಸುವ ಬೆಲೆ. ಲಾಭ ತರುವ ಬೆಲೆಯನ್ನು ಈ ಅಂಕಿ ತೋರಿಸುವುದಿಲ್ಲ.

2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ಇದಕ್ಕೆ ವಿರುದ್ಧವಾದ ಸಾಕ್ಷಿ. ಭದ್ರತೆಯ ಲೆಕ್ಕದಲ್ಲಿ ಅದು ಎಕ್ಸ್‌ಪಿಗಿಂತ ಎಷ್ಟೋ ಗಟ್ಟಿ. ಆದರೆ ಹೆಜ್ಜೆ ಹೆಜ್ಜೆಗೂ ಅನುಮತಿ ಕೇಳುವ ಅದರ ಕಿಟಕಿಗಳು ಜನರನ್ನು ರೇಗಿಸಿದವು. ಅವನ್ನು ಆಫ್ ಮಾಡುವುದು ಹೇಗೆ ಎಂಬುದೇ ಮೊದಲು ಕಲಿಯುವ ವಿದ್ಯೆಯಾಯಿತು. ಭದ್ರತೆ ಹೆಚ್ಚಿತು, ಹೆಸರು ಕುಂದಿತು.

ಈಗ ನಮ್ಮ ಸೀಮೆಗೆ ಬರೋಣ. ಇಲ್ಲಿನ ತಾಲ್ಲೂಕು ಕಚೇರಿಗಳಿಗೆ ಕಂಪ್ಯೂಟರ್ ನಿಜವಾದ ಅರ್ಥದಲ್ಲಿ ಕಾಲಿಟ್ಟದ್ದು ಭೂಮಿ ಯೋಜನೆಯೊಂದಿಗೆ. ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದ, 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳು ರಾಜ್ಯದಾದ್ಯಂತ ಗಣಕಕ್ಕೇರಿದವು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಸಿಗುವಂತಾಯಿತು. ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ಆ ತಂತ್ರಾಂಶ ಆರಂಭದಲ್ಲಿ ಓಡುತ್ತಿದ್ದುದು ವಿಂಡೋಸ್ ಎನ್‌ಟಿಯ ಮೇಲೆ. 2003ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಒಂದು ದೋಷವನ್ನು ಪ್ರಕಟಿಸಿ, ವಿಂಡೋಸ್ 2000 ಮತ್ತು ಎಕ್ಸ್‌ಪಿಗೆ ಪ್ಯಾಚ್ ಕೊಟ್ಟಿತು, ಎನ್‌ಟಿ 4.0ರ ರಚನೆಯೇ ಬೇರೆಯಾದ್ದರಿಂದ ಅದಕ್ಕೆ ಪ್ಯಾಚ್ ಮಾಡಲಾಗದು ಎಂದು ಹೇಳಿತು. ಅಂಥ ಹೇಳಿಕೆ ಕಂಪನಿಯೊಂದರ ಖ್ಯಾತಿಗೆ ದೊಡ್ಡ ಪೆಟ್ಟಾಗಬೇಕು. ಆದರೂ ಭೂಮಿ ಯೋಜನೆಯ ಮೇಲಿನ ವಿಶ್ವಾಸ ಆ ವರ್ಷಗಳಲ್ಲಿ ಬೆಳೆಯುತ್ತಲೇ ಹೋಯಿತು. ಆ ವಿಶ್ವಾಸದ ಬೇರು ಇದ್ದದ್ದು ಬೇರೆ ಕಡೆ: ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾದದ್ದರಲ್ಲಿ, ನೌಕರ ಬೆರಳಚ್ಚು ಕೊಡದೆ ದಾಖಲೆ ತಿದ್ದಲಾಗದಂತೆ ಮಾಡಿದ್ದರಲ್ಲಿ, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ಕಟ್ಟುಪಾಡಿನಲ್ಲಿ. ಜನ ನಂಬಿದ್ದು ಕಚೇರಿಯ ಹೊಸ ಕ್ರಮವನ್ನು. ಕೆಳಗೆ ಓಡುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಯಾರ ಕಣ್ಣಿಗೂ ಬೀಳಲಿಲ್ಲ.

ಕಚೇರಿಯಿಂದ ಹೊರಬಂದರೆ ಡಿಟಿಪಿ, ಜೆರಾಕ್ಸ್ ಅಂಗಡಿಗಳ ಸಾಲು. ಈ ಲೇಖನದ ಪ್ರಶ್ನೆಗೆ ಅತ್ಯಂತ ಮುಖ್ಯವಾದ ಜಾಗ ಇದೇ ಎಂದು ನನಗನ್ನಿಸುತ್ತದೆ. ಇಂಥ ಅಂಗಡಿಯ ಕಂಪ್ಯೂಟರ್ ಸಾಮಾನ್ಯವಾಗಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದು, ವಿಂಡೋಸ್ ಮಾತ್ರ ಕಾಸು ಕೊಟ್ಟು ಕೊಂಡದ್ದಲ್ಲ. ಉದ್ಯಮದ ಸಮೀಕ್ಷೆಯೊಂದರ ಪ್ರಕಾರ 2011ರಲ್ಲೂ ಭಾರತದ ಕಂಪ್ಯೂಟರುಗಳಲ್ಲಿ ಹಾಕಿದ್ದ ತಂತ್ರಾಂಶದಲ್ಲಿ ಶೇ. 63 ನಕಲಿ. ಜೋಡಿಸಿಕೊಟ್ಟ ಹುಡುಗ ಹೋಗುವ ಮುನ್ನ ಆಟೋಮ್ಯಾಟಿಕ್ ಅಪ್‌ಡೇಟನ್ನು ಆಫ್ ಮಾಡಿಯೇ ಹೋಗುತ್ತಿದ್ದ. ಅಪ್‌ಡೇಟ್ ಬಂದರೆ ಈ ಪ್ರತಿ ಅಸಲಿಯಲ್ಲ ಎಂಬ ಸಂದೇಶ ಪರದೆಯ ಮೂಲೆಯಲ್ಲಿ ಕೂರುತ್ತದೆ ಎಂಬ ಹೆದರಿಕೆ. ಕಂಪನಿ ನಕಲು ಹಿಡಿಯುವ ಕೆಲಸವನ್ನೂ ಕಾಪಾಡುವ ಕೆಲಸವನ್ನೂ ಒಂದೇ ಬಾಗಿಲಿನಿಂದ ಮಾಡಲು ಹೋಯಿತು. ಜನ ಆ ಬಾಗಿಲನ್ನೇ ಮುಚ್ಚಿದರು. ಇದನ್ನು ಬರೀ ಕಳ್ಳತನದ ಕಥೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸೋಂಕಿತ ಯಂತ್ರ ಅಸಲಿ ಯಂತ್ರಗಳಿಗೂ ಅಂಟಿಸುತ್ತದೆ.

ಅಂಟಿಸುತ್ತಿದ್ದ ಸಾಧನ ಪೆನ್‌ಡ್ರೈವ್. ಕಾಲೇಜು ವಿದ್ಯಾರ್ಥಿಯ ಪ್ರಾಜೆಕ್ಟ್ ವರದಿ, ವಕೀಲರ ದಾವೆ, ಮದುವೆಯ ಕರೆಯೋಲೆ ಎಲ್ಲವೂ ಪೆನ್‌ಡ್ರೈವಿನಲ್ಲೇ ಬರುತ್ತಿದ್ದ ಕಾಲವದು. ಚುಚ್ಚಿದ ಕೂಡಲೇ ಅದರೊಳಗಿನ ಪ್ರೋಗ್ರಾಮ್ ತಾನಾಗಿ ಓಡುವ ಆಟೋರನ್ ಸೌಲಭ್ಯವನ್ನು 2008ರ ಕಾನ್‌ಫಿಕರ್ ಮುಂತಾದ ಹುಳುಗಳು ಹೆದ್ದಾರಿ ಮಾಡಿಕೊಂಡವು. 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿ ಮತ್ತು ವಿಸ್ಟಾಗಳಲ್ಲಿ ಪೆನ್‌ಡ್ರೈವ್‌ಗಳ ಮಟ್ಟಿಗೆ ಅದನ್ನು ನಿಲ್ಲಿಸುವ ಅಪ್‌ಡೇಟ್ ಹೊರಡಿಸಿತು. ಮೇ ತಿಂಗಳ ಹೊತ್ತಿಗೆ ಆಟೋರನ್ ಬಳಸುವ ಹುಳುಗಳ ಸೋಂಕು, 2010ಕ್ಕೆ ಹೋಲಿಸಿದರೆ, ಎಕ್ಸ್‌ಪಿಯಲ್ಲಿ ಶೇ. 59, ವಿಸ್ಟಾದಲ್ಲಿ ಶೇ. 74 ಇಳಿಯಿತು ಎಂದು ಕಂಪನಿಯೇ ಲೆಕ್ಕ ಕೊಟ್ಟಿತು. ಒಂದು ಅಪ್‌ಡೇಟಿನ ಫಲವನ್ನು ಇಷ್ಟು ನಿಚ್ಚಳವಾಗಿ ಅಳೆದು ತೋರಿಸಿದ ನಿದರ್ಶನಗಳು ಕಡಿಮೆ.

ಇದರ ಕೀರ್ತಿ ಯಾರಿಗೆ ಸಂದಿತು? ಅಂಗಡಿಯ ಅನುಭವವೇ ಬೇರೆ. ಆಟೋರನ್ ನಿಂತ ಮೇಲೆ ಹುಳುಗಳು ದಾರಿ ಬದಲಿಸಿದವು: ಪೆನ್‌ಡ್ರೈವಿನ ಫೋಲ್ಡರುಗಳನ್ನೆಲ್ಲ ಬಚ್ಚಿಟ್ಟು, ಅವುಗಳ ಹೆಸರಿನಲ್ಲೇ ಶಾರ್ಟ್‌ಕಟ್ ಇಡತೊಡಗಿದವು. ತನ್ನ ಫೋಲ್ಡರೇ ಎಂದು ನಂಬಿ ಗಿರಾಕಿ ಎರಡು ಸಲ ಕ್ಲಿಕ್ ಮಾಡುತ್ತಾನೆ, ಹುಳು ಓಡುತ್ತದೆ. ಪ್ರಿಂಟ್ ಅಂಗಡಿಗಳಲ್ಲಿ ‘ಶಾರ್ಟ್‌ಕಟ್ ವೈರಸ್’ ಎಂಬ ಮಾತು ಕೇಳದವರಿಲ್ಲ. ಕಮಾಂಡ್ ಕಿಟಕಿಯಲ್ಲಿ ಒಂದು ಸಾಲು ಟೈಪ್ ಮಾಡಿ ಅಡಗಿದ ಫೋಲ್ಡರುಗಳನ್ನು ಹೊರತರುವ ಹುಡುಗನಿಗೆ, ಅದೂ ಆಗದಿದ್ದರೆ ‘ಫಾರ್ಮ್ಯಾಟ್ ಹೊಡೆದು’ ಕೊಡುವ ರಿಪೇರಿಯವನಿಗೆ ಹೆಸರು ಬಂತು. ಅಂಕಿ ಅಂಶಗಳಲ್ಲಿ ಸೋಂಕು ಇಳಿದಿತ್ತು. ಅಂಗಡಿಯವರ ಪಾಲಿಗೆ ವೈರಸ್ ಎಂದಿನಂತೆ ಇತ್ತು. ತಪ್ಪಿದ ಅನಾಹುತ ಯಾರಿಗೂ ಕಾಣುವುದಿಲ್ಲ, ಆದ ಅನಾಹುತ ಎಲ್ಲರಿಗೂ ಕಾಣುತ್ತದೆ. ಅಪ್‌ಡೇಟಿನ ಕೀರ್ತಿ ಕಂಪನಿಗೆ ಮುಟ್ಟದಿರಲು ಇದೇ ಮೂಲ ಕಾರಣ.

ಬ್ಯಾಂಕಿನ ಕಥೆ ಇನ್ನೊಂದು ಬಗೆಯದು. ಎಟಿಎಂಗಳಲ್ಲೂ ಓಡುತ್ತಿದ್ದ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿತು. 2017ರ ಮೇ 12ರಂದು ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶದ ದಾಳಿಯಾದಾಗ ನೆರೆಯ ಆಂಧ್ರದ ಪೊಲೀಸ್ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಬೆಂಬಲ ಮುಗಿದು ಮೂರು ವರ್ಷವಾಗಿದ್ದರೂ ಕಂಪನಿ ಎಕ್ಸ್‌ಪಿಗೆ ವಿಶೇಷ ಪ್ಯಾಚ್ ಕೊಟ್ಟಿತು. ಆ ನಿರ್ಧಾರವನ್ನು ನಾನು ಮೆಚ್ಚುತ್ತೇನೆ. ಆದರೆ ಸೋಂಕಿದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7 ಇದ್ದವು, ಅವಕ್ಕೆ ಮಾರ್ಚ್‌ನಲ್ಲೇ ಪ್ಯಾಚ್ ಸಿದ್ಧವಾಗಿತ್ತು. ಇಷ್ಟಾದರೂ ದೇಶದ ಎಷ್ಟೋ ಎಟಿಎಂಗಳು ಎಕ್ಸ್‌ಪಿಯಲ್ಲೇ ಓಡುತ್ತಿದ್ದವು. ಕೊನೆಗೆ ರಿಸರ್ವ್ ಬ್ಯಾಂಕ್ 2018ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿ, ಹಂತ ಹಂತವಾಗಿ 2019ರ ಜೂನ್ ಒಳಗೆ ಎಲ್ಲ ಎಟಿಎಂಗಳಲ್ಲೂ ಬೆಂಬಲವಿರುವ ಆಪರೇಟಿಂಗ್ ಸಿಸ್ಟಮ್ ಇರಬೇಕೆಂದು ಆದೇಶಿಸಿತು. ಅಪ್‌ಡೇಟನ್ನು ಕೊನೆಯ ಯಂತ್ರಕ್ಕೆ ತಳ್ಳಿದ್ದು ತಯಾರಕರಲ್ಲ, ನಿಯಂತ್ರಕರು. ಮಾಗಡಿಯ ಎಟಿಎಂನಲ್ಲಿ ದುಡ್ಡು ತೆಗೆಯುವವರು ನಂಬುವುದು ಬ್ಯಾಂಕಿನ ಹೆಸರನ್ನು.

ಅಪ್‌ಡೇಟ್ ತಯಾರಿಸುವವರಿಗೂ ಬಳಸುವವರಿಗೂ ನಡುವಿನ ದೂರ ಮೊಬೈಲಿನಲ್ಲಿ ಇನ್ನೂ ಹೆಚ್ಚು. ಏಷ್ಯಾದಲ್ಲೇ ದೊಡ್ಡದೆನಿಸಿದ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಈಗ ಇ-ಹರಾಜಾಗಿದೆ; ರೀಲರುಗಳು ಲಾಟಿನ ಮುಂದೆ ನಿಂತು ಗೂಡನ್ನು ಕೈಯಲ್ಲಿ ಹಿಚುಕಿ ನೋಡಿ, ಇನ್ನೊಂದು ಕೈಯಲ್ಲಿ ಮೊಬೈಲಿನಿಂದ ಬೆಲೆ ಹಾಕುತ್ತಾರೆ. ಹಣವೂ ಬ್ಯಾಂಕ್ ಖಾತೆಗೇ ಹೋಗುತ್ತದೆ. ಹೀಗಾಗಿ ದುಡಿಮೆಯೆಲ್ಲ ನಿಂತಿರುವುದು ಅಗ್ಗದ ಆಂಡ್ರಾಯ್ಡ್ ಫೋನುಗಳ ಮೇಲೆ. 2015ರ ಜುಲೈನಲ್ಲಿ, ಒಂದು ಎಂಎಂಎಸ್ ಸಂದೇಶದಿಂದಲೇ ಫೋನನ್ನು ವಶಪಡಿಸಿಕೊಳ್ಳಬಹುದಾದ ಸ್ಟೇಜ್‌ಫ್ರೈಟ್ ದೋಷ ಹೊರಬಂದಾಗ ಗೂಗಲ್ ಎಚ್ಚೆತ್ತು ತಿಂಗಳಿಗೊಂದು ಭದ್ರತಾ ಅಪ್‌ಡೇಟಿನ ಪದ್ಧತಿ ಆರಂಭಿಸಿತು. ಆದರೆ ಗೂಗಲ್ ಕೊಟ್ಟದ್ದನ್ನು ಚಿಪ್ ತಯಾರಕರು, ಫೋನ್ ತಯಾರಕರು ಹೊಂದಿಸಿ ಕಳಿಸಬೇಕು. 2017ರ ಆಂಡ್ರಾಯ್ಡ್ 8ರಲ್ಲಿ ಈ ಕೆಲಸವನ್ನು ಸುಲಭಗೊಳಿಸುವ ರಚನೆ ಬಂತಾದರೂ, ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆಂಬ ಇತ್ತೀಚಿನ ಭರವಸೆ ಮೊದಲು ಸಿಕ್ಕಿದ್ದು ದುಬಾರಿ ಫೋನುಗಳಿಗೆ. ಕಡಿಮೆ ದುಡ್ಡಿನ ಫೋನಿನವರಿಗೆ ಕಡಿಮೆ ಕಾಲದ ರಕ್ಷಣೆ ಎಂಬ ಈ ಏರ್ಪಾಡು ನನಗೆ ಅನ್ಯಾಯವಾಗಿ ಕಾಣುತ್ತದೆ.

ಇನ್ನು ಯಾವ ಅಪ್‌ಡೇಟೂ ಮುಟ್ಟಲಾಗದ ಬಿರುಕುಗಳು. 2023ರಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಯಿಂದ ಹಣ ಮಾಯವಾದ ಪ್ರಕರಣಗಳು ರಾಜ್ಯದಲ್ಲಿ ವರದಿಯಾದವು. ನೋಂದಾಯಿತ ಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಬಳಸಿ, ಒಟಿಪಿ ಕೇಳದ ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಗಿತ್ತು. ಪತ್ರಗಳಲ್ಲಿನ ಬೆರಳಚ್ಚನ್ನು ಮರೆಮಾಡಲು ಸರ್ಕಾರ ಮುಂದಾಯಿತು. ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ಸಲಹೆ ಬಂತು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕೃತಕ ಕೋರಿಕೆಗಳ ದಾಳಿಗೆ ಸಿಕ್ಕಿ ನೋಂದಣಿ ಕುಂಟಿತು. ಬೆಂಗಳೂರಿಗೆ ಅಂಟಿಕೊಂಡು ಭೂಮಿಯ ಬೆಲೆ ಏರುತ್ತಿರುವ ಬಿಡದಿ, ಕನಕಪುರ, ಮಾಗಡಿ ಕಡೆ ಇದರ ಬಿಸಿ ಸಣ್ಣದಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಸಿಗುವ ಉತ್ತರ ಒಂದೇ, ಸರ್ವರ್ ಇಲ್ಲ. ದೋಷ ಯಂತ್ರದ್ದೇ, ಜಾಲದ್ದೇ, ವಿನ್ಯಾಸದ್ದೇ ಎಂದು ಬಿಡಿಸಿ ಹೇಳುವವರು ಅಲ್ಲಿಲ್ಲ. ಬೈಗುಳ ಬೀಳುವುದು ಎದುರು ಕೂತ ಆಪರೇಟರಿಗೆ.

ಇದಕ್ಕೆ ತದ್ವಿರುದ್ಧವಾದದ್ದೂ ನಡೆಯುತ್ತದೆ, ಬೇರೆಯವರ ತಪ್ಪಿಗೆ ಕಂಪನಿಯ ಹೆಸರು ಕೆಡುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಬೇರೊಂದು ಕಂಪನಿಯ ದೋಷಪೂರ್ಣ ಅಪ್‌ಡೇಟಿನಿಂದ 85 ಲಕ್ಷ ವಿಂಡೋಸ್ ಯಂತ್ರಗಳು ನೆಲಕಚ್ಚಿದವು. ಟಿವಿಯಲ್ಲಿ ಕಂಡದ್ದು ವಿಂಡೋಸಿನ ನೀಲಿ ಪರದೆ, ಹಾಗಾಗಿ ಮಾತೆಲ್ಲ ಮೈಕ್ರೋಸಾಫ್ಟಿನದೇ. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ ಮೈಕ್ರೋಸಾಫ್ಟಿನ ಭದ್ರತಾ ಸಂಸ್ಕೃತಿಯನ್ನೇ ಕಟುವಾಗಿ ಟೀಕಿಸಿತ್ತು. ಅಲ್ಲಿ ಚರ್ಚೆಯಾದದ್ದು ಕ್ಲೌಡ್ ಇಮೇಲಿಗೆ ನುಗ್ಗಿದ ಪ್ರಕರಣ. ಮೇಜಿನ ಮೇಲಿನ ವಿಂಡೋಸಿಗೆ ಎಷ್ಟು ಪ್ಯಾಚ್ ಹಾಕಿದ್ದರೂ ಅದು ತಪ್ಪುತ್ತಿರಲಿಲ್ಲ.

ಖ್ಯಾತಿ ಕೆಟ್ಟರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ ಎಂಬುದು ಅರ್ಥಶಾಸ್ತ್ರದ ಲೆಕ್ಕ. ಚನ್ನಪಟ್ಟಣದ ಡಿಟಿಪಿ ಅಂಗಡಿಗೆ ಆ ದಾರಿ ತೆರೆದಿಲ್ಲ. ಕನ್ನಡ ಗಣಕ ಪರಿಷತ್ತಿನ ಕನ್ನಡ ಟೈಪಿಂಗ್ ತಂತ್ರಾಂಶ ನುಡಿ ಓಡುವುದು ವಿಂಡೋಸಿನಲ್ಲಿ. ವರ್ಷಾನುಗಟ್ಟಲೆ ಟೈಪ್ ಮಾಡಿಟ್ಟ ಕಡತಗಳು ಯುನಿಕೋಡ್ ಪೂರ್ವದ ಅಕ್ಷರ ಶೈಲಿಗಳಲ್ಲಿವೆ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಸಾಧನಗಳ ಡ್ರೈವರ್‌ಗಳನ್ನೂ ವಿಂಡೋಸಿಗೆಂದೇ ನೋಡಿ ಕೊಂಡಿರುತ್ತಾರೆ. ಕಂಪನಿಯ ಹೆಸರು ಒಳ್ಳೆಯದಾದರೂ ಕೆಟ್ಟದಾದರೂ ಇವರು ಇದ್ದಲ್ಲೇ ಇರುತ್ತಾರೆ. ಇವರ ಅಭಿಪ್ರಾಯಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಹುಟ್ಟುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಹೊಸ ಪ್ರೊಸೆಸರನ್ನೂ ಬೇಡುತ್ತದೆ. ಭದ್ರತೆಗಾಗಿಯೇ ಇಟ್ಟ ಈ ನಿಯಮ ತಾಂತ್ರಿಕವಾಗಿ ಸಮರ್ಥನೀಯ. ಆದರೆ ಹಳೆಯ ಯಂತ್ರಗಳನ್ನು ಅದು ಹೊರಗೇ ನಿಲ್ಲಿಸುತ್ತದೆ. 2026ರ ಅಕ್ಟೋಬರ್ ತನಕ ನೋಂದಾಯಿಸಿಕೊಂಡವರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಆದರೆ ಅದೂ ತಿಳಿದು ಕೇಳಿ ಪಡೆಯಬೇಕಾದದ್ದು.

ಎಟಿಎಂ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ್ದನ್ನು ಜಿಲ್ಲಾಡಳಿತ ತನ್ನ ಮಟ್ಟದಲ್ಲಿ ಮಾಡಬಹುದು. ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ಗ್ರಾಮ ಒನ್ ಕೇಂದ್ರ, ಗೂಡಿನ ಮಾರುಕಟ್ಟೆಗಳಲ್ಲಿ ಯಾವ ಯಂತ್ರದಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇದೆ, ಕೊನೆಯ ಭದ್ರತಾ ಅಪ್‌ಡೇಟ್ ಯಾವ ತಿಂಗಳಿನದು ಎಂಬ ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ತಯಾರಿಸಿ, ಹಿಂದುಳಿದ ಯಂತ್ರಗಳ ಒಟ್ಟು ಸಂಖ್ಯೆಯನ್ನು ಪ್ರಕಟಿಸಬೇಕು; ಹೊಸ ಖರೀದಿಯ ಟೆಂಡರಿನಲ್ಲಿ ಎಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆಂಬುದನ್ನು ಬೆಲೆಯಷ್ಟೇ ಮುಖ್ಯವಾದ ಷರತ್ತಾಗಿ ಇಡಬೇಕು; ನುಡಿಯಂಥ ಕನ್ನಡ ತಂತ್ರಾಂಶಗಳನ್ನು ಲಿನಕ್ಸಿಗೂ ಸಿದ್ಧಪಡಿಸಲು ಸರ್ಕಾರ ಹಣ ಕೊಡಬೇಕು.