ಜೆರಾಕ್ಸಿನಲ್ಲಿ ಉಳಿದ ಯುನಿಕ್ಸ್

ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಮೊದಲಿಗೆ ಮಾರೋ ಸರಕೇ ಆಗಿರಲಿಲ್ಲ. ಅದರ ಒಡೆಯ, ಅಮೆರಿಕದ ಫೋನ್ ಕಂಪನಿ ಎಟಿ ಅಂಡ್ ಟಿ, 1956ರ ಕೋರ್ಟ್ ಕಟ್ಟಳೆಯಿಂದಾಗಿ ಬೇರೆ ವ್ಯಾಪಾರಕ್ಕೆ ಇಳಿಯೋ ಹಾಗಿರಲಿಲ್ಲ. ವಿಶ್ವವಿದ್ಯಾಲಯಗಳಿಗೆ ಸೋರ್ಸ್ ಕೋಡ್ ಸಮೇತ ಅಗ್ಗಕ್ಕೆ ಕೊಟ್ಟಿತು.

ಸಿಡ್ನಿಯ ಮೇಷ್ಟ್ರು ಜಾನ್ ಲಯನ್ಸ್ 1976ರಲ್ಲಿ ಅದರ ಸುಮಾರು 9,000 ಸಾಲುಗಳಿಗೆ ಟೀಕೆ ಬರೆದರು, ಹಳಗನ್ನಡ ಕಾವ್ಯಕ್ಕೆ ನಮ್ಮ ಪಂಡಿತರು ಬರೀತಿದ್ರಲ್ಲ, ಹಾಗೆ. 1979ರ ಏಳನೇ ಆವೃತ್ತಿಯ ಲೈಸೆನ್ಸ್ ಬಂತು ನೋಡಿ, ಕೋಡನ್ನು ಕ್ಲಾಸಿನಲ್ಲಿ ಪಾಠ ಮಾಡೋದೇ ನಿಂತಿತು. ಪುಸ್ತಕ ಜೆರಾಕ್ಸಿನ ಜೆರಾಕ್ಸ್ ಆಗಿ ಕದ್ದುಮುಚ್ಚಿ ಓಡಾಡಿತು.

ಪಾಠಕ್ಕೆಂದೇ ಆಮ್‌ಸ್ಟರ್‌ಡ್ಯಾಮಿನ ಟ್ಯಾನೆನ್‌ಬಾಮ್ 1987ರಲ್ಲಿ ಮಿನಿಕ್ಸ್ ತಂದರು. ಅದನ್ನು ಓದಿದ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ 1991ರಲ್ಲಿ ಲಿನಕ್ಸ್ ಶುರು ಮಾಡಿದ. ಬೀಗ ಹಾಕಿದವರೇ ಎದುರಾಳಿಯನ್ನ ಹುಟ್ಟಿಸಿದರು ಅಂತ ನನ್ನ ಲೆಕ್ಕ.

ಲಯನ್ಸ್ ಪುಸ್ತಕ ರಾಜಾರೋಷವಾಗಿ ಅಚ್ಚಾಗಿದ್ದು 1996ರಲ್ಲಿ.